ಎಳೆತ ಹೊರಬೇಕಾದದ್ದು ಟರ್ಮಿನಲ್ ಸ್ಕ್ರೂ ಅಲ್ಲ

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕವಿದೆ. ಕಳೆದ ತಿಂಗಳು ಮೇಜಿನ ಕೆಳಗಿನ ಮೋಟಾರಿಗೆ ಮೊಣಕಾಲು ತಾಗಿ ಹೊಲಿಯುವ ಹೆಣ್ಣುಮಗಳೊಬ್ಬಳಿಗೆ ಕರೆಂಟ್ ಹೊಡೆಯಿತು. ಮೋಟಾರಿನ ವೈರ್ ಪೆಟ್ಟಿಗೆ ಬಿಚ್ಚಿ ನೋಡಿದರೆ ಹಸಿರು (ಅರ್ಥಿಂಗ್) ವೈರ್ ಸ್ಕ್ರೂವಿನಿಂದ ಕಿತ್ತುಬಂದಿತ್ತು. ತಗಡಿನ ತೂತಿನ ಅಂಚಿಗೆ ಉಜ್ಜಿ ಮತ್ತೊಂದು ವೈರಿನ ಹೊದಿಕೆ ಹರಿದಿತ್ತು. ಯಂತ್ರ ಮಾತ್ರ ಅಲ್ಲಿಯವರೆಗೂ ಚೆನ್ನಾಗಿಯೇ ಓಡುತ್ತಿತ್ತು. ದುರಸ್ತಿಗೆ ಬಂದವರು ಪೆಟ್ಟಿಗೆಯೊಳಗೆ ಕೇಬಲ್‌ಗೆ ಗಂಟು ಹಾಕಿ, ತೂತಿಗೆ ರಬ್ಬರ್ ಬುಷ್ ಕೂಡಿಸಿ, ಇಷ್ಟು ಸಾಕು ಎಂದರು. ಇನ್ನೊಬ್ಬರು ಎಲ್ಲ ಯಂತ್ರಗಳಿಗೂ ತೂತಿನಲ್ಲಿ ಕೇಬಲನ್ನು ಬಿಗಿದು ಹಿಡಿಯುವ ಗ್ಲ್ಯಾಂಡ್ ಹಾಕಿಸಬೇಕೆನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಎರಡನೆಯವರ ಮಾತು ಸರಿ, ಮೊದಲನೆಯವರು ಮಾಡಿದ್ದು ಅರ್ಧ ಕೆಲಸ. ರಬ್ಬರ್ ಬುಷ್ ತಗಡಿನ ಅಂಚು ಕೇಬಲನ್ನು ಕೊಯ್ಯದಂತೆ ಕಾಯುತ್ತದೆಯೇ ಹೊರತು ಕೇಬಲನ್ನು ಹಿಡಿದುಕೊಳ್ಳುವುದಿಲ್ಲ. ಬಟ್ಟೆಯ ಮೂಟೆಯನ್ನು ಎಳೆದೊಯ್ಯುವಾಗ ನೆಲದ ಮೇಲಿನ ಕೇಬಲ್ ಸಿಕ್ಕಿಕೊಂಡು ಜಗ್ಗಿದರೆ, ಆ ಜಗ್ಗು ಬುಷ್ಷನ್ನು ದಾಟಿ ನೇರವಾಗಿ ಟರ್ಮಿನಲ್ ಸ್ಕ್ರೂವಿಗೆ ಮುಟ್ಟುತ್ತದೆ. ಆ ಸ್ಕ್ರೂ ಇರುವುದು ತಾಮ್ರದ ಎಳೆಗಳನ್ನು ಲೋಹಕ್ಕೆ ಒತ್ತಿ ಹಿಡಿದು ವಿದ್ಯುತ್ ಹರಿಯಲು ದಾರಿ ಮಾಡಿಕೊಡುವುದಕ್ಕೆ, ಭಾರ ಹೊರುವುದಕ್ಕಲ್ಲ. 1.5 ಚದರ ಮಿಲಿಮೀಟರಿನ ಮೆದು ವೈರಿನಲ್ಲಿ ಸಾಮಾನ್ಯವಾಗಿ 0.25 ಮಿಲಿಮೀಟರ್ ದಪ್ಪದ 30 ಎಳೆಗಳಿರುತ್ತವೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿದ ತಾಮ್ರ ಗಡುಸಾಗಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಉಳಿದ ಕೆಲವೇ ಎಳೆಗಳು ಪೂರ್ತಿ ಕರೆಂಟನ್ನು ಹೊತ್ತು ಬಿಸಿಯಾಗುತ್ತವೆ. ಜೀನ್ಸ್ ಬಟ್ಟೆಯ ನಾರಿನ ಧೂಳು ಎಲ್ಲೆಡೆ ಕೂತಿರುವ ನಿಮ್ಮಂಥ ಕಡೆ ಆ ಬಿಸಿ ಕರೆಂಟ್ ಹೊಡೆಯುವುದಕ್ಕಿಂತ ಕಡಿಮೆ ಅಪಾಯದ್ದೇನಲ್ಲ.

ಗಂಟಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಹೆಣೆದ ಎರಡು ವೈರುಗಳಿಂದ ಬಲ್ಬಿನ ಹೋಲ್ಡರನ್ನು ಜೋತುಬಿಡುತ್ತಿದ್ದ ಕಾಲದಲ್ಲಿ ಒಳಗೆ ಗಂಟು ಹಾಕುವ ರೂಢಿಯಿತ್ತು, ಅಲ್ಲಿ ಅದು ನಡೆಯಿತು ಕೂಡ. ದಪ್ಪ ಹೊದಿಕೆಯ ಮೂರು ವೈರಿನ ಕೇಬಲ್‌ಗೆ ಅದೇ ಉಪಾಯ ಮಾಡಿದರೆ ಕೇಬಲ್ ತನ್ನ ಮಿತಿ ಮೀರಿ ಬಾಗುತ್ತದೆ, ಪ್ರತಿ ಜಗ್ಗಿಗೂ ಗಂಟು ಇನ್ನಷ್ಟು ಬಿಗಿಯುತ್ತದೆ, ಮತ್ತು ಕೇಬಲ್ ತಿರುಚುವುದನ್ನಾಗಲಿ ಒಳಕ್ಕೆ ನುಗ್ಗುವುದನ್ನಾಗಲಿ ಅದು ತಡೆಯುವುದಿಲ್ಲ. ಮನೆಬಳಕೆಯ ಉಪಕರಣಗಳಿಗೆಂದು ಇರುವ ಅಂತರರಾಷ್ಟ್ರೀಯ ಸುರಕ್ಷತಾ ನಿಯಮ ಐಇಸಿ 60335-1 ಮತ್ತು ಅದನ್ನು ಆಧರಿಸಿದ ಭಾರತದ ಐಎಸ್ 302-1, ಗಂಟು ಹಾಕುವುದನ್ನೂ ದಾರದಿಂದ ಕಟ್ಟುವುದನ್ನೂ ಒಪ್ಪುವುದಿಲ್ಲ. ಕಾರ್ಖಾನೆಯ ಹೊಲಿಗೆ ಯಂತ್ರಗಳು ಆ ನಿಯಮದ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲವಾದರೂ ಅಳತೆಗೋಲಾಗಿ ಅದು ಚೆನ್ನಾಗಿದೆ: 4 ಕಿಲೋಗಿಂತ ಭಾರದ ಉಪಕರಣದ ಕೇಬಲನ್ನು 100 ನ್ಯೂಟನ್ ಬಲದಿಂದ, ಅಂದರೆ ಸುಮಾರು 10 ಕಿಲೋ ತೂಕದಷ್ಟು, ಒಂದೊಂದು ಸೆಕೆಂಡಿನಂತೆ 25 ಸಲ ಎಳೆದರೂ ಅದು 2 ಮಿಲಿಮೀಟರಿಗಿಂತ ಹೆಚ್ಚು ಜಾರಕೂಡದು. ಇದನ್ನು ನೀವೂ ನೋಡಬಹುದು. ಪ್ಲಗ್ ಕಿತ್ತಿಟ್ಟು, ಕೇಬಲ್ ಪೆಟ್ಟಿಗೆಯನ್ನು ಹೊಕ್ಕುವ ಬಾಯಿಯಲ್ಲಿ ಪೆನ್ನಿನಿಂದ ಗೆರೆ ಎಳೆದು, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕೇಬಲ್ ಸಿಕ್ಕಿಸಿ 10 ಕಿಲೋ ತೋರಿಸುವವರೆಗೆ ಜಗ್ಗಿ ನೋಡಿ. ಗೆರೆ 2 ಮಿಲಿಮೀಟರಿಗಿಂತ ಹೆಚ್ಚು ಹೊರಕ್ಕೆ ಸರಿದಿದ್ದರೆ ಒಳಗೆ ಹಿಡಿತವಿಲ್ಲವೆಂದೇ ಅರ್ಥ.

ಗ್ಲ್ಯಾಂಡನ್ನು ಕೇಬಲಿನ ಹೊರ ದಪ್ಪ ಅಳೆದು ಕೊಳ್ಳಬೇಕೇ ಹೊರತು ಚದರ ಮಿಲಿಮೀಟರ್ ಹೇಳಿ ಅಲ್ಲ; ಒಂದೇ 1.5 ಚದರದ ಕೇಬಲ್ ಒಂದು ತಯಾರಿಕೆಯಲ್ಲಿ ತೆಳ್ಳಗೆ, ಇನ್ನೊಂದರಲ್ಲಿ ದಪ್ಪಗೆ ಇರುತ್ತದೆ. ಅಂಗಡಿಯಲ್ಲಿ ಪಿಜಿ 13.5 ಮತ್ತು ಎಂ20 ಎಂಬ ಎರಡು ಬಗೆಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಮೊದಲನೆಯದರ ಮರೆಯ (ತಿರುಪಿನ ಸುತ್ತುಗೆರೆಯ) ಹೊರ ಅಳತೆ 20.4 ಮಿಲಿಮೀಟರ್, ಎರಡನೆಯದರದು 20. ಕಣ್ಣಿಗೆ ಅವಳಿಗಳಂತೆ ಕಂಡರೂ ಮರೆಗಳ ಅಂತರ ಬೇರೆಯಾದ್ದರಿಂದ ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಕೂತು ಸಿಕ್ಕಿಕೊಳ್ಳುತ್ತದೆ, ಬಲವಂತ ಮಾಡಿದರೆ ಮರೆ ಹೋಗುತ್ತದೆ. ಗ್ಲ್ಯಾಂಡಿನೊಳಗಿನ ರಬ್ಬರ್ ಬಳೆ ಕೇಬಲಿನ ಹೊರ ಹೊದಿಕೆಯನ್ನೇ ಕಚ್ಚಿ ಹಿಡಿಯಬೇಕು. ಹೊದಿಕೆಯನ್ನು ಹೊರಗಡೆಯೇ ಸುಲಿದು ಒಳಗಿನ ಮೂರು ವೈರುಗಳನ್ನು ಗ್ಲ್ಯಾಂಡಿಗೆ ತೂರಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಅಲ್ಲಿ ಎಷ್ಟು ಬಿಗಿದರೂ ಹಿಡಿತ ಸಿಗುವುದಿಲ್ಲ. ಬಿಗಿದ ಕೆಲವು ವಾರಗಳ ನಂತರ ಇನ್ನೊಮ್ಮೆ ಬಿಗಿಯುವುದು ಒಳ್ಳೆಯದು, ಏಕೆಂದರೆ ಒತ್ತಡಕ್ಕೆ ಸಿಕ್ಕ ಪಿವಿಸಿ ನಿಧಾನವಾಗಿ ತಗ್ಗುತ್ತದೆ, ಬಳ್ಳಾರಿಯ ಬೇಸಿಗೆಯಲ್ಲಂತೂ ಬೇಗನೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಹಸಿರು ವೈರ್ ಮೊದಲು ಕಿತ್ತುಬಂದ ಸಂಗತಿ. ಮೂರನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಅರ್ಥಿಂಗ್ ಸ್ಕ್ರೂ ದೂರದಲ್ಲಿದ್ದರೆ ಹಸಿರು ವೈರೇ ಮೊದಲು ಬಿಗಿಯಾಗುತ್ತದೆ, ಮೊದಲು ಕಿತ್ತುಬರುತ್ತದೆ. ಫೇಸ್ ಅಥವಾ ನ್ಯೂಟ್ರಲ್ ಕಿತ್ತಿದ್ದರೆ ಯಂತ್ರ ನಿಂತು ನಿಮಗೆ ಅಂದೇ ಗೊತ್ತಾಗುತ್ತಿತ್ತು. ಅರ್ಥಿಂಗ್ ಕಿತ್ತರೆ ಯಾವ ಸುಳಿವೂ ಇರುವುದಿಲ್ಲ. ಆದ್ದರಿಂದ ಹಸಿರು ವೈರನ್ನು ಉಳಿದೆರಡಕ್ಕಿಂತ ಎರಡು ಮೂರು ಸೆಂಟಿಮೀಟರ್ ಸಡಿಲವಾಗಿ ಬಿಡಿಸಿ. ಹಿಡಿತ ತಪ್ಪಿ ಕೇಬಲ್ ಜಾರಿದರೂ ಅದು ಕೊನೆಗೆ ಬಿಗಿಯಾಗಬೇಕು. ಮೇಲೆ ಹೇಳಿದ ನಿಯಮವೂ ಇದನ್ನೇ ಕೇಳುತ್ತದೆ. ವೈರಿನ ತುದಿಗೆ ಬೆಸುಗೆಯ ಸೀಸ ಹಚ್ಚಿ ಸ್ಕ್ರೂವಿನಡಿ ಕೂಡಿಸುವುದು ಬೇಡ. ಅದು ಒತ್ತಡಕ್ಕೆ ನಿಧಾನವಾಗಿ ತಗ್ಗಿ ಸಡಿಲವಾಗುತ್ತದೆ, ತುದಿಗೆ ಲಗ್ (ಲೋಹದ ಹಿಡಿತುಂಡು) ಒತ್ತಿಸುವುದೇ ವಾಸಿ.

ಎಲ್ಲ ಯಂತ್ರಗಳಿಗೂ ಒಮ್ಮೆಗೇ ಗ್ಲ್ಯಾಂಡ್ ಹಾಕಿಸಲು ಆಗದಿದ್ದರೆ ಅಲ್ಲಿಯವರೆಗೆ ಮೋಟಾರಿನಿಂದ ಒಂದು ಗೇಣು ದೂರದಲ್ಲಿ ಕೇಬಲನ್ನು ಮೇಜಿನ ಅಡಿಯ ಹಲಗೆಗೆ ಕ್ಲಿಪ್ಪಿನಿಂದ ಭದ್ರಪಡಿಸಿ, ನಡುವೆ ಸ್ವಲ್ಪ ಸಡಿಲು ಬಿಡಿ. ಜಗ್ಗು ಹಲಗೆಗೆ ಹೋಗುತ್ತದೆ. ಹಾಗೆಯೇ ತ್ರೀ-ಪಿನ್ ಪ್ಲಗ್ಗುಗಳನ್ನೂ ಬಿಚ್ಚಿ ನೋಡಿ. ಕೇಬಲನ್ನು ಒತ್ತಿ ಹಿಡಿಯಲೆಂದು ಅದರೊಳಗೆ ಕೊಟ್ಟಿರುವ ಪಟ್ಟಿ ಮತ್ತು ಎರಡು ಸ್ಕ್ರೂಗಳನ್ನು ಹಾಕದೆ ಎಸೆದಿರುವುದೇ ಹೆಚ್ಚು. ಘಟಕದ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್) ಇಲ್ಲದಿದ್ದರೆ ಅದನ್ನು ಗ್ಲ್ಯಾಂಡಿಗೂ ಮೊದಲು ಹಾಕಿಸಿ.

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ನಮ್ಮ ಹೊಲದಲ್ಲಿ ಬೋರ್‌ವೆಲ್ ಮೋಟಾರಿನ ಚಪ್ಪಟೆ ಕೇಬಲ್ ಸ್ಟಾರ್ಟರ್ ಪೆಟ್ಟಿಗೆಯ ಗ್ಲ್ಯಾಂಡಿನಲ್ಲಿ ಎಷ್ಟು ಬಿಗಿದರೂ ಜಾರುತ್ತದೆ. ಮಳೆ ನೀರು, ಹಲ್ಲಿ ಎರಡೂ ಒಳಸೇರುತ್ತವೆ. ಏನು ಮಾಡಬೇಕು?

ಉತ್ತರ: ದುಂಡು ಬಳೆ ಚಪ್ಪಟೆ ಕೇಬಲನ್ನು ಎರಡು ಅಂಚುಗಳಲ್ಲಿ ಮಾತ್ರ ಮುಟ್ಟುತ್ತದೆ, ಮೇಲೆ ಕೆಳಗೆ ಸಂದು ಉಳಿಯುತ್ತದೆ, ಹಲ್ಲಿಗೆ ಅಷ್ಟು ಸಾಕು. ಚಪ್ಪಟೆ ಸೀಳಿರುವ ರಬ್ಬರ್ ಬಳೆಯ ಗ್ಲ್ಯಾಂಡುಗಳು ಬೇರೆಯೇ ಸಿಗುತ್ತವೆ, ಅವನ್ನೇ ಕೇಳಿ ತನ್ನಿ. ಕೇಬಲ್ ಪೆಟ್ಟಿಗೆಯ ತಳದಿಂದ ಒಳಹೋಗಲಿ, ಹೋಗುವ ಮೊದಲು ಒಂದು ಬಾಗು ತೂತಿಗಿಂತ ಕೆಳಗಿರಲಿ. ಕೇಬಲಿನ ಮೇಲೆ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬಾವಿಯೊಳಗಿನ ಕೇಬಲಿನ ಭಾರ ಪೆಟ್ಟಿಗೆಯವರೆಗೆ ಬರಕೂಡದು: ಅದನ್ನು ಉದ್ದಕ್ಕೂ ಪೈಪಿಗೆ ಕಟ್ಟಿರಬೇಕು, ಬೋರಿನ ಬಾಯಿಯಲ್ಲಿ ಮತ್ತೊಮ್ಮೆ ಭದ್ರವಾಗಿ ಹಿಡಿಸಿರಬೇಕು. ಈ ಕೆಲಸವನ್ನು ತ್ರೀ-ಫೇಸ್ ಕರೆಂಟ್ ಇಲ್ಲದ ಹೊತ್ತೆಂದು ನಂಬಿ ಆರಂಭಿಸಬೇಡಿ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಕೂಡಲೇ ಮೋಟಾರು ತಾನಾಗಿಯೇ ಹೊರಡುತ್ತದೆ, ಆದ್ದರಿಂದ ಮೇನ್ ಸ್ವಿಚ್ ಇಳಿಸಿ ಫ್ಯೂಜುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಪೆಟ್ಟಿಗೆ ಬಿಚ್ಚಿ.