ಅಶೋಕ್ ಲೇಲ್ಯಾಂಡ್ ಸರಿ, ಆ ‘ಲೇಲ್ಯಾಂಡ್’ ಏನಾಯಿತು?

ಪ್ರಶ್ನೆ: ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇದೆ. ಲೇಲ್ಯಾಂಡ್ ಬ್ರಿಟಿಷ್ ಕಂಪನಿ ಅಲ್ವಾ? ಈಗಲೂ ಅವರ ಪಾಲು ಇದೆಯಾ? ಜಾಗ್ವಾರ್, ಮಿನಿ, ಎಂಜಿ ಎಲ್ಲವೂ ಒಂದು ಕಾಲದಲ್ಲಿ ಲೇಲ್ಯಾಂಡಿನವೇ ಅಂತಾರೆ, ನಿಜವಾ?

ಉತ್ತರ: ಕಾರುಗಳ ವಿಷಯ ನಿಜ. ಆದರೆ ಅಶೋಕ್ ಲೇಲ್ಯಾಂಡ್‌ನಲ್ಲಿದ್ದ ಬ್ರಿಟಿಷ್ ಕಂಪನಿಯ ಪಾಲು 1987ರಲ್ಲೇ ಕೈ ಬದಲಾಯಿತು.

ಲೇಲ್ಯಾಂಡ್ ಅನ್ನೋದು ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಒಂದು ಊರು. 1896ರಲ್ಲಿ ಅಲ್ಲಿ ಉಗಿಯಿಂದ ಓಡುವ ಬಂಡಿಗಳ ಕಂಪನಿ ಶುರುವಾಯಿತು. 1907ರಲ್ಲಿ ಅದೇ ಲೇಲ್ಯಾಂಡ್ ಮೋಟರ್ಸ್ ಆಯಿತು. ಲಾರಿ, ಬಸ್ಸುಗಳಲ್ಲಿ ಒಳ್ಳೆಯ ಹೆಸರು. ನಮ್ಮಲ್ಲಿ 1948ರಲ್ಲಿ ಹುಟ್ಟಿದ ಅಶೋಕ್ ಮೋಟರ್ಸ್ ಮೊದಲು ಮದ್ರಾಸಿನ ಹತ್ತಿರದ ಎಣ್ಣೂರಿನಲ್ಲಿ ಆಸ್ಟಿನ್ ಕಾರು ಜೋಡಿಸುತ್ತಿತ್ತು. 1955ರಲ್ಲಿ ಲೇಲ್ಯಾಂಡ್ ಪಾಲುದಾರನಾಗಿ ಬಂದ ಮೇಲೆ ಈಗಿನ ಹೆಸರು ಬಂತು.

ಎಡವಟ್ಟಾಗಿದ್ದು 1968ರಲ್ಲಿ. ಆಸ್ಟಿನ್, ಮಾರಿಸ್, ಮಿನಿ, ಎಂಜಿ, ಜಾಗ್ವಾರ್ ಇದ್ದ ಬ್ರಿಟಿಷ್ ಮೋಟರ್ ಹೋಲ್ಡಿಂಗ್ಸ್ ಸೊರಗುತ್ತಿತ್ತು. ಸರ್ಕಾರದ ಒತ್ತಾಸೆಯಿಂದ ಲೇಲ್ಯಾಂಡ್ ಅದರ ಜೊತೆ ವಿಲೀನವಾಯಿತು. ಬ್ರಿಟಿಷ್ ಲೇಲ್ಯಾಂಡ್ ಹುಟ್ಟಿತು. ಲೇಲ್ಯಾಂಡಿನ ಕೈಲಿ ಆಗಲೇ ಟ್ರಯಂಫ್, ರೋವರ್ ಇದ್ದವು. ಹಾಗಾಗಿ ರೋವರ್‌ನ ದೊಡ್ಡ ಕಾರಿಗೆ ಟ್ರಯಂಫ್‌ನ ದೊಡ್ಡ ಕಾರೇ ಪೈಪೋಟಿ! ಒಂದೇ ಮನೆಯ ಓರಗಿತ್ತಿಯರು ಬೇರೆ ಬೇರೆ ಒಲೆ ಹೂಡಿದಂತೆ. ಮುಷ್ಕರಗಳಿಂದಲೇ ಕಂಪನಿ ಮುಳುಗಿತು ಎಂದು ಸುಮಾರು ಜನ ಹೇಳುತ್ತಾರೆ. ಮುಷ್ಕರ ಜಾಸ್ತಿ ಇದ್ದದ್ದು ಹೌದು. ಆದರೆ ಇಷ್ಟೊಂದು ಬ್ರ್ಯಾಂಡ್‌ಗಳಲ್ಲಿ ಯಾವುದನ್ನು ಬಿಡಬೇಕು ಎಂದು ಬೇಗ ತೀರ್ಮಾನಿಸದ ಆಡಳಿತದ ತಪ್ಪೇ ದೊಡ್ಡದು ಅನ್ನೋದು ನನ್ನ ಲೆಕ್ಕ. ಲಾರಿ ಮಾರಿ ಬಂದ ದುಡ್ಡನ್ನೂ ಕಾರುಗಳು ನುಂಗಿದವು. 1975ರಲ್ಲಿ ಸರ್ಕಾರವೇ ಕಂಪನಿಯನ್ನು ವಹಿಸಿಕೊಳ್ಳಬೇಕಾಯಿತು.

ಆಮೇಲೆ ಒಂದೊಂದೇ ಭಾಗ ಕಳಚಿತು. 1984ರಲ್ಲಿ ಜಾಗ್ವಾರ್ ಹೊರಬಂತು. 1986ರಲ್ಲಿ ಉಳಿದದ್ದಕ್ಕೆ ರೋವರ್ ಗ್ರೂಪ್ ಎಂದು ಹೆಸರಿಟ್ಟರು. 1987ರಲ್ಲಿ ಲಾರಿ ವಿಭಾಗ ಡಚ್ಚರ ಡಾಫ್ ಜೊತೆ ಸೇರಿತು. ಅಶೋಕ್ ಲೇಲ್ಯಾಂಡ್‌ನ ಪಾಲನ್ನು ಹಿಂದೂಜಾ ಗುಂಪು ಮತ್ತು ಇಟಲಿಯ ಇವೆಕೊ ಜೊತೆಯಾಗಿ ಕೊಂಡವು. 2007ರಲ್ಲಿ ಇವೆಕೊ ಪಾಲನ್ನೂ ಹಿಂದೂಜಾ ಪಡೆದರು. ಇನ್ನು ಮಿನಿ ಈಗ ಬಿಎಂಡಬ್ಲ್ಯು ಕೈಲಿದೆ, ಎಂಜಿ ಬ್ರ್ಯಾಂಡ್ ಚೀನಾದ ಎಸ್‌ಎಐಸಿ ಕೈಲಿದೆ. ಜಾಗ್ವಾರ್, ಲ್ಯಾಂಡ್ ರೋವರ್ ಎರಡನ್ನೂ 2008ರಲ್ಲಿ ಟಾಟಾ ಕೊಂಡದ್ದು ನಿಮಗೆ ಗೊತ್ತೇ ಇದೆ. ಲೇಲ್ಯಾಂಡ್ ಊರಿನಲ್ಲಿ ಇವತ್ತಿಗೂ ಲಾರಿ ತಯಾರಾಗುತ್ತವೆ, ಆದರೆ ಮೇಲಿರುವ ಹೆಸರು ಡಾಫ್. ಒಡೆತನ ಅಮೆರಿಕದ ಪ್ಯಾಕಾರ್‌ದು.

ಒಂದು ತಮಾಷೆಯೂ ಇದೆ. ಲೀಡ್ಸ್‌ನಲ್ಲಿ ಬ್ರಿಟಿಷ್ ಲೇಲ್ಯಾಂಡ್‌ಗೆ ಸೇರಿದ ರೋ ಎಂಬ ಬಸ್ ಬಾಡಿ ಕಟ್ಟುವ ಕಾರ್ಖಾನೆ ಇತ್ತು. 1984ರಲ್ಲಿ ಅದಕ್ಕೆ ಬೀಗ ಬಿತ್ತು. ಅಲ್ಲಿ ಕೆಲಸ ಕಳೆದುಕೊಂಡವರಲ್ಲಿ ಕೆಲವರು ಮರುವರ್ಷ ಅದೇ ಜಾಗದಲ್ಲಿ ಆಪ್ಟೇರ್ ಕಂಪನಿ ಶುರುಮಾಡಿದರು. 2010ರಿಂದ ಅದರ ಪಾಲು ಕೊಳ್ಳುತ್ತಾ ಬಂದದ್ದು ಅಶೋಕ್ ಲೇಲ್ಯಾಂಡ್! ಆಪ್ಟೇರ್‌ಗೆ ಈಗ ಸ್ವಿಚ್ ಮೊಬಿಲಿಟಿ ಎಂದು ಹೆಸರು. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳಲ್ಲೂ ಸ್ವಿಚ್ ಬಸ್ಸುಗಳಿವೆ.