ಘಾಟಿ ಇಳಿಯುವಾಗ ನ್ಯೂಟ್ರಲ್ ಬೇಡ

ಪ್ರಶ್ನೆ: ನಮ್ಮದು ಹನ್ನೊಂದು ವರ್ಷದ ಪೆಟ್ರೋಲ್ ಕಾರು. ಚಾರ್ಮಾಡಿ ಘಾಟಿ ಇಳಿಯುವಾಗ ತಂದೆಯವರು ಪೆಟ್ರೋಲ್ ಉಳಿಯುತ್ತದೆಂದು ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಒತ್ತಿಕೊಂಡೇ ಬರುತ್ತಾರೆ. ಕಳೆದ ಸಲ ಕೆಳಗೆ ತಲುಪುವಷ್ಟರಲ್ಲಿ ಚಕ್ರಗಳಿಂದ ಸುಟ್ಟ ವಾಸನೆ ಬಂದು, ಪೆಡಲ್ ಮೆತ್ತಗಾಗಿತ್ತು. ಬ್ರೇಕ್ ಪ್ಯಾಡ್ ಇನ್ನೂ ದಪ್ಪವಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಗಾದರೆ ದೋಷವೆಲ್ಲಿದೆ?
— ಓದುಗರು, ಮೂಡಿಗೆರೆ

ಉತ್ತರ: ಇಳಿಸುವ ಕ್ರಮ ತಪ್ಪಾಗಿದೆ, ಜೊತೆಗೆ ಬ್ರೇಕ್ ಆಯಿಲ್ ಹಳತಾಗಿರುವ ಸಂಭವವೂ ಹೆಚ್ಚು. ಇಳಿಜಾರಿನಲ್ಲಿ ಕಾರಿನ ಭಾರವೇ ಅದನ್ನು ಮುಂದಕ್ಕೆ ದೂಡುತ್ತಿರುತ್ತದೆ. ಗೇರಿನಲ್ಲಿದ್ದರೆ ಆ ವೇಗವನ್ನು ಎಂಜಿನ್ ಸಾಕಷ್ಟು ಹಿಡಿದಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದ ಕ್ಷಣ ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮೈಲುಗಟ್ಟಲೆ ಉಜ್ಜಿ ಕಾದ ಡಿಸ್ಕಿನ ಬಿಸಿ ಪ್ಯಾಡ್ ದಾಟಿ ಬ್ರೇಕ್ ಆಯಿಲ್‌ಗೆ ತಲುಪುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಸೇರಿದ ಮೇಲೆ 155 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಕುದ್ದರೆ ಪೈಪಿನೊಳಗೆ ಆವಿಯ ಗುಳ್ಳೆಗಳು ಏಳುತ್ತವೆ, ಒತ್ತಿದ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದಕ್ಕೇ ಖರ್ಚಾಗಿ ಚಕ್ರಕ್ಕೆ ತಲುಪುವುದಿಲ್ಲ. ನಿಮ್ಮ ಪೆಡಲ್ ಮೆತ್ತಗಾದದ್ದು ಹೀಗೆಯೇ ಇರಬೇಕು.

ಹಲವು ವರ್ಷಗಳ ಹಿಂದೆ ಶಿರಾಡಿಯಲ್ಲಿ ಲಾರಿಯೊಂದರ ಹಿಂದೆ ಇಳಿಯುತ್ತಿದ್ದಾಗ ನನ್ನ ಪೆಡಲ್ ಕೂಡ ನೆಲದವರೆಗೆ ಹೋಗಿತ್ತು. ಎರಡು ಮೂರು ಸಲ ಪಂಪ್ ಮಾಡಿ, ಎರಡನೇ ಗೇರಿಗೆ ಇಳಿಸಿ ಹೇಗೋ ಅಂಚಿಗೆ ನಿಲ್ಲಿಸಿದೆ. ಮರುದಿನ ಡಬ್ಬಿಯ ಮುಚ್ಚಳ ತೆಗೆದಾಗ, ತೆಳು ಜೇನಿನಂತಿರಬೇಕಿದ್ದ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಸರ್ವೀಸಿನಲ್ಲಿ ಪ್ರತಿ ಸಲವೂ ಕಡಿಮೆಯಾದಷ್ಟನ್ನು ತುಂಬಿಸಿದ್ದರೇ ಹೊರತು ಹಳೆಯದನ್ನು ಯಾರೂ ತೆಗೆದಿರಲಿಲ್ಲ. ಎರಡು ವರ್ಷಕ್ಕೊಮ್ಮೆ ನಾಲ್ಕೂ ಚಕ್ರಗಳಿಂದ ಹಳೆಯ ಆಯಿಲನ್ನು ಪೂರ್ತಿ ಹೊರತೆಗೆಸಿ, ನಿಮ್ಮೆದುರೇ ಸೀಲ್ ಒಡೆದ ಹೊಸ ಡಬ್ಬಿಯಿಂದ ತುಂಬಿಸಿಕೊಳ್ಳಿ.

ಇನ್ನು ಪೆಟ್ರೋಲಿನ ಮಾತು. ನ್ಯೂಟ್ರಲ್‌ನಲ್ಲಿ ಉಳಿತಾಯವೆಂಬುದು ಕಾರ್ಬ್ಯುರೇಟರ್ ಕಾಲದ ನಂಬಿಕೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರ್ ಬಿಡದೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಪೂರೈಕೆಯೇ ನಿಲ್ಲುತ್ತದೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಪೆಟ್ರೋಲ್ ಹರಿಯುತ್ತಲೇ ಇರಬೇಕು. ಇದನ್ನು ತಂದೆಯವರಿಗೆ ದಯವಿಟ್ಟು ತಿಳಿಸಿ ಹೇಳಿ. ಯಾವ ಗೇರಿನಲ್ಲಿ ಆ ಘಾಟಿಯನ್ನು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಲೆಕ್ಕ ಇಂದಿಗೂ ಸರಿ. ತಿರುವಿಗೆ ಮೊದಲೇ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ತಗ್ಗಿದೊಡನೆ ಬಿಟ್ಟುಬಿಡಬೇಕು. ಸುಟ್ಟ ವಾಸನೆ ಬಂದರೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕಿಗೆ ನೀರು ಮಾತ್ರ ಎರಚಬೇಡಿ.

ಪ್ರಶ್ನೆ: ಏಳು ವರ್ಷದಲ್ಲಿ ಕಾರು ಓಡಿದ್ದು 22,000 ಕಿಲೋಮೀಟರ್ ಮಾತ್ರ. ಟೈರುಗಳ ಗ್ರಿಪ್ ಹೊಸದರಂತಿದೆ. ಆದರೂ ಬದಲಾಯಿಸಬೇಕೆ?
— ಓದುಗರು, ಧಾರವಾಡ

ಉತ್ತರ: ರಬ್ಬರ್ ಓಡದಿದ್ದರೂ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ನೋಡಿ: 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್‌ನ ಆಳ ಕನಿಷ್ಠ ಮಿತಿಯಾದ 1.6 ಮಿಲಿಮೀಟರಿಗಿಂತ ಹೆಚ್ಚಿದೆಯೆಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬೇಡಿ. ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ, ಅಥವಾ ಉಗುರಿನಿಂದ ಒತ್ತಿದಾಗ ರಬ್ಬರ್ ಕಲ್ಲಿನಂತಿದ್ದರೆ, ಬದಲಾಯಿಸಿ. ಮಳೆಗಾಲದಲ್ಲಿ ಅಂಥ ಟೈರು ರಸ್ತೆಯನ್ನು ಹಿಡಿಯುವುದಿಲ್ಲ. ಸ್ಟೆಪ್ನಿಯ ವಯಸ್ಸೂ ಅಷ್ಟೇ ಆಗಿದೆಯೆಂಬುದನ್ನು ಮರೆಯಬೇಡಿ.

ಪ್ರಶ್ನೆ: ಹದಿನೈದು ವರ್ಷ ತುಂಬಲಿರುವ ಕಾರನ್ನು ಮಾರಲು ಮನಸ್ಸಿಲ್ಲ. ಇಟ್ಟುಕೊಳ್ಳಬಹುದೆ?
— ಓದುಗರು, ಕುಂದಾಪುರ

ಉತ್ತರ: ಧಾರಾಳವಾಗಿ. ಆರ್‌ಟಿಒ ತಪಾಸಣೆಯಲ್ಲಿ ಕಾರು ತೇರ್ಗಡೆಯಾದರೆ ನೋಂದಣಿ ಇನ್ನೂ 5 ವರ್ಷಕ್ಕೆ ನವೀಕರಣವಾಗುತ್ತದೆ. ಆದರೆ ನಿಮ್ಮದು ಕರಾವಳಿ. ಉಪ್ಪುಗಾಳಿಗೆ ಎಂಜಿನ್ನಿಗಿಂತ ಮೊದಲು ಕೆಡುವುದು ತಗಡು. ಹಣ ಖರ್ಚು ಮಾಡುವ ಮೊದಲು ಕಾರನ್ನು ಲಿಫ್ಟಿಗೆ ಏರಿಸಿ, ಒಳಗಿನ ಮ್ಯಾಟ್ ಎತ್ತಿಸಿ, ನೆಲದ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿಸಿ ನೋಡಿ. ಠಣ್ ಎಂದರೆ ಇಟ್ಟುಕೊಳ್ಳಿ; ಮಂಕಾದ ಸದ್ದಿನೊಂದಿಗೆ ತುಕ್ಕಿನ ಪುಡಿ ಉದುರಿದರೆ, ಎಷ್ಟೇ ಪ್ರೀತಿಯಿದ್ದರೂ ಬಿಟ್ಟುಕೊಡಿ.