ಹಳೆ ಎಂಜಿ ಕಾರಿನ ಸ್ಟೀರಿಂಗ್ ಬಿರುಕು ಬಿಟ್ಟಿದೆ. ಪುಟ್ಟಿ ಹಾಕಿದರೆ ಸಾಕಾ, ಹೊಸದು ತರಿಸಬೇಕಾ?

ಸಕಲೇಶಪುರದ ತೋಟದಲ್ಲಿ ಅಜ್ಜನ 1951ರ ಎಂಜಿ ಟಿಡಿ ಸ್ಪೋರ್ಟ್ಸ್ ಕಾರು ಇದೆ, ಸ್ಟೀರಿಂಗ್ ರಿಮ್ಮಿಗೆ ಕಡ್ಡಿ ಸೇರುವ ಕಡೆಯೆಲ್ಲ ಬಿರುಕು ಬಿಟ್ಟಿದೆ ಅಂತ ಬರೆದಿದ್ದೀರಿ. ಹೊಸದು ತರಿಸಬೇಡಿ. ಅಜ್ಜ ಹಿಡಿದ ಸ್ಟೀರಿಂಗ್ ಅದು, ಉಳಿಸಿಕೊಳ್ಳಬಹುದು. ಆದರೆ ಮೇಲಿಂದ ಪುಟ್ಟಿ ಮೆತ್ತುವುದೂ ಬೇಡ. ಮೊದಲು ಬಿರುಕನ್ನು ಇನ್ನೂ ಅಗಲ ಮಾಡಬೇಕು, ಒಳಗಿನ ಕಬ್ಬಿಣ ಕಾಣುವ ತನಕ.

ನಾನು ಚಿಕ್ಕಮಗಳೂರಿನವನು. ನಮ್ಮ ಮನೆಯಲ್ಲಿರುವುದು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಅದು ಸ್ಪೋರ್ಟ್ಸ್ ಕಾರಲ್ಲ, ಆದರೆ ಸ್ಟೀರಿಂಗ್ ಕಾಯಿಲೆ ಇದೇ. ಒಳಗೆ ಉಕ್ಕಿನ ಬಳೆ, ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ವರ್ಷ ಕಳೆದಂತೆ ಕವಚ ಕುಗ್ಗುತ್ತದೆ, ಉಕ್ಕು ಕುಗ್ಗುವುದಿಲ್ಲ. ಹಾಗಾಗಿ ಸೀಳುತ್ತದೆ. ನಮ್ಮ ಮಲೆನಾಡಲ್ಲಿ ಇನ್ನೊಂದು ಕಾಟ ಇದೆ ಅಲ್ವಾ? ನಾಲ್ಕು ತಿಂಗಳ ಮಳೆಯ ಥಂಡಿ ಆ ಸೀಳಿನೊಳಗೆ ಇಳಿಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಜಾಸ್ತಿ ಜಾಗ ಬೇಕು, ಅದು ಕವಚವನ್ನು ಒಳಗಿಂದ ಒತ್ತುತ್ತದೆ.

ಇದು ಗೊತ್ತಿಲ್ಲದೆ ನಾನು ಮೊದಲ ಸಲ ಬಾಡಿ ಪುಟ್ಟಿ ಮೆತ್ತಿ, ತಿಕ್ಕಿ, ಪುನರ್ವಸು ಮಳೆ ಹೊಯ್ಯುವಾಗಲೇ ಬಣ್ಣ ಹೊಡೆಸಿದೆ. ಕಪ್ಪು ಬಣ್ಣದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು ಕೂತಿತು. ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಮತ್ತೆ ಕಾಣಿಸಿತು. ತುಂಬಾ ಬೇಜಾರಾಯಿತು. ಎರಡನೇ ಸಲ ಮಾಡಿದ್ದು ಇವತ್ತಿಗೂ ಗಟ್ಟಿಯಾಗಿದೆ, ಅದನ್ನೇ ಹೇಳುತ್ತೇನೆ.

ಬ್ಯಾಟರಿ ವೈರ್ ತೆಗೆದ ಮೇಲೆ ಸ್ಟೀರಿಂಗ್ ಬಿಚ್ಚಿ. ಬಿಚ್ಚುವ ಮೊದಲು ಸ್ಟೀರಿಂಗಿನ ನಡುವಿನ ಗುಂಡು ಭಾಗದ (ಬಾಸ್) ಮೇಲೂ ಅದು ಕೂರುವ ಶಾಫ್ಟ್ ಮೇಲೂ ಎದುರುಬದುರು ಒಂದೊಂದು ಗುರುತು ಹಾಕಿ. ನಟ್ ಪೂರ್ತಿ ತೆಗೆಯಬೇಡಿ, ಎರಡು ಮೂರು ಸುತ್ತು ಹಾಗೇ ಬಿಡಿ. ಇಲ್ಲವಾದರೆ ಸ್ಟೀರಿಂಗ್ ಫಕ್ಕನೆ ಕಿತ್ತು ಮುಖಕ್ಕೆ ಬಡಿಯುತ್ತದೆ. ಎಳೆದು ಬಿಚ್ಚುವ ಸಾಧನ, ಪುಲ್ಲರ್ ಬಳಸಿ. ಸುತ್ತಿಗೆ ಏಟು ಮಾತ್ರ ಬೇಡ, ಟಿಡಿಯಲ್ಲಿರುವುದು ರ‍್ಯಾಕ್ ಅಂಡ್ ಪಿನಿಯನ್, ಅಂದರೆ ಸ್ಟೀರಿಂಗ್ ತಿರುವಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಹಲ್ಲಿನ ಜೋಡಿ, ಏಟಿನ ಪೆಟ್ಟು ಅಲ್ಲಿಯವರೆಗೂ ಹೋಗಬಹುದು.

ಪಾತ್ರೆ ಸೋಪಿನಿಂದ ಚೆನ್ನಾಗಿ ತೊಳೆದು ಒಣಗಿಸಿ. ಥಿನ್ನರ್ ಮುಟ್ಟಿಸಬೇಡಿ, ಕೆಲವು ಹಳೆ ಪ್ಲಾಸ್ಟಿಕ್ ಕರಗುತ್ತದೆ. ಈಗ ಹ್ಯಾಕ್ಸಾ ಬ್ಲೇಡಿನ ತುಂಡು ತಗೊಂಡು ಪ್ರತಿ ಬಿರುಕನ್ನೂ ಮೇಲೆ ಅಗಲ, ಕೆಳಗೆ ಚೂಪು ಬರುವಂತೆ ಕೊರೆಯಿರಿ. ಮೇಲೆ 3-4 ಮಿಲಿಮೀಟರ್ ಅಗಲ ಇರಲಿ. ಚೆನ್ನಾಗಿದ್ದ ಜಾಗವನ್ನೂ ಕೊರೆಯುವಾಗ ಜೀವ ಹಿಂಡುತ್ತದೆ, ಆದರೂ ಬಿಡಬೇಡಿ. ಉಕ್ಕು ಕಂಡ ಮೇಲೆ ಸಣ್ಣ ಅರದಿಂದ ತುಕ್ಕು ಕೆರೆದು ಹೊಳೆಯುವ ಹಾಗೆ ಮಾಡಿ. ಉಕ್ಕೇ ಸೀಳಿದ್ದರೆ, ಕಡ್ಡಿ ಮುರಿದಿದ್ದರೆ ಅಲ್ಲಿಗೆ ನಿಲ್ಲಿಸಿ. ಟಿಡಿಯ ಕಡ್ಡಿ ಸ್ಪ್ರಿಂಗ್ ಉಕ್ಕು, ಅದಕ್ಕೆ ವೆಲ್ಡಿಂಗ್ ಹೊಂದುವುದಿಲ್ಲ. ಅಂಥದ್ದಾದರೆ ಮಾತ್ರ ಹೊಸದು.

ತುಂಬಲು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಅಂಟು ತಗೊಳ್ಳಿ, ಐದು ನಿಮಿಷದ್ದು ಬೇಡ. ಎರಡೂ ಟ್ಯೂಬಿನಿಂದ ಸಮಸಮ ಹಿಂಡಿ ಕಲಸಿ. ಹಾಗೇ ಹಾಕಿದರೆ ಹರಿದುಹೋಗುತ್ತದೆ, ಅದಕ್ಕೆ ಟಾಲ್ಕ್ ಪುಡಿ ಸೇರಿಸಿ ಉದ್ದಿನವಡೆ ಹಿಟ್ಟಿನ ಹದಕ್ಕೆ ತನ್ನಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ತಳದಿಂದ ಒತ್ತಿ ತುಂಬಿ, ಮೇಲೆ ಸ್ವಲ್ಪ ಉಬ್ಬಿರಲಿ. ಇಡೀ ದಿನ ಮುಟ್ಟಬೇಡಿ.

ಆಮೇಲೆ ತಿಕ್ಕುವ ಕೆಲಸ. ಇದು ನನಗೆ ತುಂಬಾ ಇಷ್ಟ. ಎಮರಿ ಪೇಪರನ್ನು ಉದ್ದುದ್ದ ಸೀಳಿ, ರಿಮ್ಮಿಗೆ ಸುತ್ತಿ, ಎರಡೂ ತುದಿ ಹಿಡಿದು ಮಜ್ಜಿಗೆ ಕಡೆಯುವ ಹಗ್ಗ ಎಳೆದ ಹಾಗೆ ಎಳೆಯಿರಿ. ಹೀಗೆ ಮಾಡಿದರೆ ಮಾತ್ರ ಗುಂಡಗಿನ ಆಕಾರ ಉಳಿಯುತ್ತದೆ. 120 ನಂಬರಿನ ಒರಟು ಪೇಪರಿನಿಂದ ಶುರು ಮಾಡಿ, ಆಮೇಲೆ ನುಣುಪಿನ 220, 400. ಮಾಸ್ಕ್ ಇರಲಿ. ಕಣ್ಣು ಮುಚ್ಚಿ ಬೆರಳಾಡಿಸಿ, ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ಸಿಗುತ್ತದೆ. ಪ್ರೈಮರ್ ಹೊಡೆದ ಮೇಲೆ ಇನ್ನಷ್ಟು ಸಣ್ಣ ಬಿರುಕು ಎದ್ದು ಕಾಣುತ್ತವೆ. ಅವನ್ನೂ ಕೊರೆದು ತುಂಬಿ.

ಕೊನೆಯ ಬಣ್ಣ ಪಿಯು (ಪಾಲಿಯುರೆಥೇನ್) ಪೇಂಟ್ ಇರಲಿ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯಲ್ಲಿ ಹೊಡೆಯಬೇಡಿ. ಬಣ್ಣ ಹೊಡೆಯಲೆಂದೇ ಇರುವ ಕೋಣೆ (ಬೂತ್) ಇಟ್ಟುಕೊಂಡ ಪೇಂಟರ್ ಹತ್ತಿರ ಮಾಡಿಸಿ.

ಈ ಕೆಲಸಕ್ಕೆ ಕಾಫಿ ಕೊಯ್ಲಿನ ಸಮಯ ಸರಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಗಾಳಿ ಒಣಗಿರುತ್ತದೆ. ಕಣದಲ್ಲಿ ಕಾಫಿ ಚೆನ್ನಾಗಿ ಒಣಗುವ ದಿನ ಬಣ್ಣವೂ ಒಣಗುತ್ತದೆ. ಬಣ್ಣವಾದ ಮೇಲೆ ಒಂದು ವಾರ ನೆರಳಿನಲ್ಲಿ ತೂಗುಹಾಕಿ. ಆಮೇಲೆ ಗುರುತಿಗೆ ಗುರುತು ಕೂಡಿಸಿ ನಟ್ ಬಿಗಿ ಮಾಡಿ. ಮೊದಲೆರಡು ದಿನ ತೋಟದ ರಸ್ತೆಯಲ್ಲೇ ಓಡಿಸಿ, ನಟ್ ಇನ್ನೊಮ್ಮೆ ನೋಡಿ, ಶಿರಾಡಿ ಘಾಟಿ ಇಳಿಸುವುದು ಆಮೇಲೆ.